ಬೆಳಗಿನ ಕಣ್ಣು, ಸಂಜೆಯ ಕಣ್ಣು

ಸಾವಿರಾರು ಜನರ ಗುರುತಿನ ಚೀಟಿಗೆ ಫೋಟೊ ಸಿದ್ಧಪಡಿಸಿ ಕೊಟ್ಟವಳ ಸ್ವಂತ ಫೋಟೊ ಎರಡನೆಯ ಸಲವೂ ತಿರಸ್ಕೃತವಾಗಿ ಬಂದಿತ್ತು. ಕಚೇರಿಯವರು ಕಾರಣವನ್ನು ಒಂದೇ ಸಾಲಿನಲ್ಲಿ ಬರೆದಿದ್ದರು: 'ಕಣ್ಣುಗಳು ಪೂರ್ತಿ ತೆರೆದಿಲ್ಲ.'

ಆಕೆ ಮತ್ತು ಆಕೆಯ ಗಂಡ ಪೇಟೆಯ ಒಂದು ಬೀದಿಯಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಾರೆ. ಗಂಡನದು ಕ್ಯಾಮೆರಾ, ಆಕೆಯದು ಕಂಪ್ಯೂಟರು. ಮೊಡವೆ ಅಳಿಸುವುದು, ಕಣ್ಣಿನ ಕೆಳಗಿನ ಕಪ್ಪನ್ನು ತಿಳಿಯಾಗಿಸುವುದು, ಜೋತ ರೆಪ್ಪೆಯನ್ನು ಕೂದಲೆಳೆಯಷ್ಟು ಮೇಲೆತ್ತುವುದು ಆಕೆಯ ನಿತ್ಯದ ಕೆಲಸ. ಬೀದಿಯವರು ಆಕೆಯನ್ನು ಟಚಪ್ ಅಕ್ಕ ಎಂದೇ ಕರೆಯುತ್ತಾರೆ. ಗುರುತಿನ ಚೀಟಿಯ ಫೋಟೊವನ್ನು ಮಾತ್ರ ತಿದ್ದುವಂತಿಲ್ಲ. ಇದ್ದ ಮುಖ ಇದ್ದ ಹಾಗೆಯೇ ಹೋಗಬೇಕು. ಗಿರಾಕಿಗಳೆಲ್ಲ ಹೋದ ಮೇಲೆ, ಸಂಜೆಯ ಹೊತ್ತು, ಗಂಡ ತೆಗೆದ ಆ ಎರಡು ಫೋಟೊಗಳಲ್ಲೂ ಆಕೆಯ ಎಡಗಣ್ಣಿನ ರೆಪ್ಪೆ ಅರ್ಧ ಇಳಿದ ಬಾಗಿಲಿನಂತಿತ್ತು.

ಹಿಂದಿನ ವಾರ ಗಿರಾಕಿಯೊಬ್ಬರು, "ನಿದ್ದೆ ಬಂದಿದ್ರೆ ಮಲಕ್ಕೋಮ್ಮ, ನಾನು ನಾಳೆ ಬರ್ತೀನಿ" ಎಂದು ಹೇಳಿ ಹೋಗಿದ್ದರು. ಅವರು ಹೇಳಿದ್ದು ತಮಾಷೆಗೆ. ಆಕೆಗೆ ಅಂದು ರಾತ್ರಿ ಊಟ ಸೇರಲಿಲ್ಲ. ಮರುದಿನವೇ ಮಹಡಿಯ ಮೇಲಿನ ಬ್ಯೂಟಿ ಪಾರ್ಲರಿನಲ್ಲಿ ಹೆಸರು ಬರೆಸಿದಳು. ಇಂದು ಸಂಜೆ ಐದೂವರೆಗೆ ಆಕೆಯ ಸರದಿ.

ಐದಕ್ಕೆ ಹತ್ತು ನಿಮಿಷವಿರುವಾಗ ಗಂಡನ ತಂಗಿ ಸ್ಟುಡಿಯೊದೊಳಗೆ ಬಂದಳು. ಆಕೆ ಕಣ್ಣಾಸ್ಪತ್ರೆಯಲ್ಲಿ ನರ್ಸ್. ಹಗಲಿನ ಪಾಳಿ ಮುಗಿಸಿ ಮನೆಗೆ ಹೊರಟಿದ್ದಳು.

"ಏನತ್ತಿಗೆ, ಇಷ್ಟು ಬೇಗ ಕಂಪ್ಯೂಟರ್ ಆರಿಸಿದ್ದೀರಿ? ಅಣ್ಣ ಜಗಳ ಆಡಿದ್ನಾ?"

"ನಿಮ್ಮಣ್ಣ ಜಗಳ ಆಡ್ಬೇಕಾದ್ರೆ ಮೊದಲು ಬಾಯಿ ಬಿಡ್ಬೇಕಲ್ಲ. ಐದೂವರೆಗೆ ಮೇಲೆ ಹೋಗ್ಬೇಕು ಕಣೇ. ಕಣ್ಣಿಗೆ ಇಂಜೆಕ್ಷನ್ ಹಾಕಿಸ್ಕೋತೀನಿ."

ಭುಜದ ಚೀಲ ಇಳಿಸುತ್ತಿದ್ದ ನರ್ಸಿನ ಕೈ ಅಲ್ಲಿಯೇ ನಿಂತಿತು.

"ಕಣ್ಣಿಗಾ? ಕಣ್ಣಿನ ಸುತ್ತಾನಾ?"

"ಸುತ್ತ. ಕೆಳಗಿನ ಗುಳಿ ತುಂಬೋಕೆ ಒಂದು, ಹುಬ್ಬಿನ ಹತ್ರ ಎರಡು. ಹುಬ್ಬು ಮೇಲಕ್ಕೆ ಹೋದ್ರೆ ರೆಪ್ಪೆನೂ ಹೋಗುತ್ತಂತೆ."

"ಯಾರು ಹಾಕೋದು?"

"ತಿಂಗಳಿಗೊಂದ್ಸಲ ಒಬ್ರು ಸರ್ ಬರ್ತಾರೆ."

"ಡಾಕ್ಟ್ರಾ?"

"ಬಿಳಿ ಕೋಟು ಹಾಕಿರ್ತಾರಪ್ಪ."

"ಇಸ್ತ್ರಿ ಅಂಗಡಿಯವರ ಹತ್ರಾನೂ ಹತ್ತು ಬಿಳಿ ಕೋಟು ಇವೆ ಅತ್ತಿಗೆ."

ಮೂಲೆಯಲ್ಲಿ ಲೆನ್ಸ್ ಒರೆಸುತ್ತಿದ್ದ ಗಂಡ ತುಟಿಯಂಚಿನಲ್ಲಿ ನಕ್ಕ. ಟಚಪ್ ಅಕ್ಕ ನಗಲಿಲ್ಲ.

"ನೀನು ನಗಿಸ್ಬೇಡ. ದಿನಾ ಕಣ್ಣು ನೋಡಿ ನೋಡಿ ನಿಂಗೆ ಎಲ್ಲರ ಮುಖದಲ್ಲೂ ರೋಗಾನೇ ಕಾಣುತ್ತೆ. ಇಲ್ಲಿ ನೋಡು." ಆಕೆ ಕಂಪ್ಯೂಟರನ್ನು ಮತ್ತೆ ಹಾಕಿ, ಯಾರದೋ ಮುಖವನ್ನು ತೆರೆಯ ಮೇಲೆ ತಂದು, ಮೌಸ್ ಹಿಡಿದಳು. ನಾಲ್ಕು ಸಲ ಒತ್ತುವಷ್ಟರಲ್ಲಿ ಆ ಮುಖದ ಕಣ್ಣಿನ ಕೆಳಗಿನ ಚೀಲ ಮಾಯವಾಯಿತು. "ಇಷ್ಟೇ ತಾನೇ ಅವರು ಮಾಡೋದು? ನಾನು ದಿನಕ್ಕೆ ಮೂವತ್ತು ಮಾಡ್ತೀನಿ."

"ತಪ್ಪಾದ್ರೆ ಏನ್ಮಾಡ್ತೀರಿ?"

"ಹಿಂದಕ್ಕೆ ಹೋಗೋ ಗುಂಡಿ ಒತ್ತೀನಿ."

"ಅದೊಂದು ಗುಂಡಿ ಮುಖದಲ್ಲಿಲ್ಲ ಅತ್ತಿಗೆ."

ಟಚಪ್ ಅಕ್ಕ ಮೌಸನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟಳು. "ನಿಂಗೇನು, ಕಣ್ಣು ನೆಟ್ಟಗಿವೆ. ಬಂದವರೆಲ್ಲ ಮಾತಾಡೋವಾಗ ನನ್ನ ಮುಖ ನೋಡಲ್ಲ, ಎಡಗಣ್ಣು ನೋಡ್ತಾರೆ. ಊರಿಗೆಲ್ಲ ರೆಪ್ಪೆ ಎತ್ತೋಳು ನಾನು."

ನರ್ಸ್ ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತಳು. ಈಗ ಆಕೆಯ ದನಿಯಲ್ಲಿ ತಮಾಷೆಯಿರಲಿಲ್ಲ.

"ಮಾಡಿಸ್ಬೇಡಿ ಅಂತ ನಾನು ಅಂತಿಲ್ಲ. ನಮ್ಮ ಆಸ್ಪತ್ರೆಯಲ್ಲೂ ಮಾಡ್ತಾರೆ. ಆದ್ರೆ ಅದು ಒಂದೇ ಕೆಲಸ ಅಲ್ಲ. ವಯಸ್ಸಾಗಿ ರೆಪ್ಪೆ ಚರ್ಮ ಜೋತಿದ್ರೆ ಹೆಚ್ಚಿನ ಚರ್ಮ ಕತ್ತರಿಸಿ ಹೊಲಿಗೆ ಹಾಕ್ತಾರೆ. ಜಾಸ್ತಿ ಕತ್ತರಿಸಿದ್ರೆ ಕಣ್ಣು ಪೂರ್ತಿ ಮುಚ್ಚಲ್ಲ, ಒಣಗಿ ಗಾಯ ಆಗುತ್ತೆ. ರೆಪ್ಪೆ ಎತ್ತೋ ಸ್ನಾಯು ಸಡಿಲ ಆಗಿದ್ರೆ ಆ ಸ್ನಾಯು ಬಿಗಿ ಮಾಡೋ ಆಪರೇಷನ್, ಅದೇ ಬೇರೆ. ಕೆಳಗಿನ ಚೀಲಕ್ಕೆ ಒಳಗಿನ ಕೊಬ್ಬು ಸರಿಪಡಿಸೋದು ಮತ್ತೊಂದು. ಬರೀ ಕಪ್ಪು ಇದ್ರೆ ಎಷ್ಟೋ ಸಲ ಆಪರೇಷನ್ನೇ ಬೇಡ. ರಕ್ತ ಕಮ್ಮಿ ಇರಬಹುದು, ಅಲರ್ಜಿಗೆ ಕಣ್ಣು ಉಜ್ಜಿ ಉಜ್ಜಿ ಆಗಿರಬಹುದು. ಯಾವ ಬೀಗ ಅಂತ ನೋಡ್ದೆ ಕೀಲಿ ಮಾಡಿಸ್ತಾರಾ?"

"ಗುಳಿ ತುಂಬೋದ್ರಲ್ಲಿ ಏನಿದೆ? ಒಂದು ಸೂಜಿ."

"ಅದೇ ನಂಗೆ ಭಯ. ಅಲ್ಲಿನ ರಕ್ತನಾಳಗಳು ಒಳಗೆ ಕಣ್ಣಿನ ನಾಳಕ್ಕೆ ಸೇರ್ಕೊಂಡಿವೆ. ತುಂಬೋ ಮದ್ದು ನಾಳದೊಳಕ್ಕೆ ಹೋದ್ರೆ ಕಣ್ಣೇ ಕಾಣ್ದೆ ಹೋಗಬಹುದು. ಅಪರೂಪ, ನಿಜ. ಆದ್ರೆ ಹಾಗೆ ಹೋದ ದೃಷ್ಟಿ ವಾಪಸ್ ಬರೋದು ಅದಕ್ಕಿಂತ ಅಪರೂಪ."

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಪಾರ್ಲರ್ ನಡೆಸುವಾಕೆ ಬಾಗಿಲಲ್ಲಿ ತಲೆ ಹಾಕಿದಳು.

"ಟಚಪ್ ಅಕ್ಕ, ಮುಂಚಿನವರು ಬರಲಿಲ್ಲ. ಸರ್ ಖಾಲಿ ಕೂತಿದ್ದಾರೆ. ಈಗ್ಲೇ ಬಂದ್ಬಿಡಿ, ಅವರಿಗೂ ಆರೂವರೆ ಬಸ್ಸು."

"ಬಂದೆ." ಟಚಪ್ ಅಕ್ಕ ಎದ್ದು ನಿಂತಳು.

"ಒಂದ್ನಿಮಿಷ," ಎಂದಳು ನರ್ಸ್. "ಆ ಸರ್ ಏನು ಓದಿದ್ದಾರೆ?"

ಪಾರ್ಲರಿನವಳ ಮುಖ ಬಿಗಿಯಿತು. "ಓದ್ದೆ ಬರ್ತಾರಾ? ಸರ್ಟಿಫಿಕೇಟ್ ಗೋಡೆ ಮೇಲೇ ಇದೆ. ಫ್ರೇಮ್ ಹಾಕಿಸಿದ್ದೀನಿ."

ಅಷ್ಟು ಹೊತ್ತೂ ಸುಮ್ಮನಿದ್ದ ಗಂಡ ಆಗ ಬಾಯಿಬಿಟ್ಟ. "ಆ ಫ್ರೇಮ್ ಹಾಕ್ಕೊಟ್ಟಿದ್ದು ನಾನೇ. ಎರಡು ದಿನದ ತರಬೇತಿ ಅಂತ ಬರೆದಿತ್ತು."

ಆತ ತಾನು ಹೇಳಿದ್ದನ್ನು ತಾನೇ ಈಗ ಕೇಳಿಸಿಕೊಂಡವನಂತೆ ಲೆನ್ಸನ್ನು ಕೆಳಗಿಟ್ಟ.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ತಕ್ಷಣ ಏನು ಮಾಡ್ತಾರೆ?" ನರ್ಸ್ ಮೆಲ್ಲಗೆ ಕೇಳಿದಳು. "ಆರೂವರೆ ಬಸ್ಸಿಗೆ ಹೋದ ಮೇಲೆ ಯಾರನ್ನ ಕೇಳೋದು?"

"ಇದುವರೆಗೆ ಯಾರಿಗೂ ಏನೂ ಆಗಿಲ್ಲ. ಬರೋದಿದ್ರೆ ಬನ್ನಿ ಅಕ್ಕ, ನಂದೇನು ಬಲವಂತ ಇಲ್ಲ," ಎಂದು ಪಾರ್ಲರಿನವಳು ಮೆಟ್ಟಿಲು ಹತ್ತಿದಳು. ಟಚಪ್ ಅಕ್ಕ ಆಕೆಯ ಹಿಂದೆಯೇ ಬಾಗಿಲವರೆಗೆ ಹೋದಳು.

"ಲೈಟ್ ಟೆಸ್ಟ್ ಆಗಿಲ್ಲ," ಎಂದ ಗಂಡ. "ಎರಡು ನಿಮಿಷ ಕೂತು ಹೋಗು."

ಇದು ಆ ಸ್ಟುಡಿಯೊದ ಪದ್ಧತಿ. ಬೆಳಿಗ್ಗೆ ಬಾಗಿಲು ತೆಗೆದಾಗ ಒಮ್ಮೆ, ಸಂಜೆ ಹೊರಗಿನ ಬೆಳಕು ತಗ್ಗಿ ದೀಪಗಳನ್ನು ಬದಲಿಸುವಾಗ ಒಮ್ಮೆ, ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಬೂದುಬಣ್ಣದ ಕಾರ್ಡು ಕೊಟ್ಟು, ಆತ ಒಂದು ಫೋಟೊ ತೆಗೆಯುತ್ತಿದ್ದ. ಕಾರ್ಡಿನ ಬಣ್ಣ ತೆರೆಯ ಮೇಲೆ ಸರಿಯಾಗಿ ಬಂದರೆ ಬೆಳಕು ಸರಿಯಿದೆ ಎಂದರ್ಥ. ನಾಲ್ಕು ವರ್ಷಗಳ ಅಂಥ ಫೋಟೊಗಳು ದಿನಾಂಕದ ಸಮೇತ ಕಂಪ್ಯೂಟರಿನಲ್ಲಿ ಉಳಿದಿದ್ದವು. ಆತ ಪ್ರತಿಯೊಂದರಲ್ಲೂ ಕಾರ್ಡನ್ನು ನೋಡಿದ್ದ. ಮುಖವನ್ನು ನೋಡಿರಲಿಲ್ಲ.

ಆಕೆ ಅಸಹನೆಯಿಂದ ಬಂದು ಕುಳಿತಳು. ದೀಪ ಮಿಂಚಿತು. ತೆರೆಯ ಮೇಲೆ ಮೂಡಿದ ಚಿತ್ರವನ್ನು ನರ್ಸ್ ಬಗ್ಗಿ ನೋಡಿದಳು.

"ಅಣ್ಣ, ಇವತ್ತು ಬೆಳಗಿನದು ತೆಗಿ. ಪಕ್ಕದಲ್ಲೇ ಇಡು."

ಎರಡು ಮುಖಗಳು ಅಕ್ಕಪಕ್ಕ ನಿಂತವು. ಅದೇ ಸ್ಟೂಲು, ಅದೇ ಸೀರೆ, ಅದೇ ಕಾರ್ಡು. ಬೆಳಗಿನ ಎಡಗಣ್ಣು ಬಲಗಣ್ಣಿನಷ್ಟೇ ತೆರೆದಿತ್ತು. ಸಂಜೆಯ ಎಡಗಣ್ಣಿನಲ್ಲಿ ಕಪ್ಪುಗುಡ್ಡೆ ಅರ್ಧ ಮುಚ್ಚಿಹೋಗಿತ್ತು.

"ನಿನ್ನೆದು."

ನಿನ್ನೆಯದೂ ಹಾಗೆಯೇ. ಮೊನ್ನೆಯದೂ ಹಾಗೆಯೇ. ಹೋದ ತಿಂಗಳದೂ ಹಾಗೆಯೇ. ಒಂದು ವರ್ಷದ ಹಿಂದಿನ ಫೋಟೊಗಳಲ್ಲಿ ಮಾತ್ರ ಬೆಳಗಿಗೂ ಸಂಜೆಗೂ ವ್ಯತ್ಯಾಸವಿರಲಿಲ್ಲ. ಇತ್ತೀಚಿನ ಒಂದು ದಿನದ ಸಂಜೆಯಲ್ಲಿಯೂ ಕಣ್ಣು ಸರಿಯಾಗಿಯೇ ಇತ್ತು.

"ಅವತ್ತು ಏನು ವಿಶೇಷ ಅತ್ತಿಗೆ?"

ಟಚಪ್ ಅಕ್ಕ ದಿನಾಂಕ ನೋಡಿದಳು. "ಸಂಜೆವರೆಗೆ ಕರೆಂಟ್ ಇರಲಿಲ್ಲ. ಮಧ್ಯಾಹ್ನ ಪೂರ್ತಿ ಮಲಗಿದ್ದೆ."

"ಸಂಜೆ ಹೊತ್ತು ಒಂದು ವಸ್ತು ಎರಡಾಗಿ ಕಾಣುತ್ತಾ?"

"ಸ್ಕ್ರೀನ್ ಹಳೇದಾಗಿ ಹಾಗಾಗ್ತಿದೆ ಅಂತ ಹೋದ ತಿಂಗಳು ಬದಲಾಯಿಸಿದ್ವಲ್ಲ." ಆಕೆಯ ದನಿ ಇಳಿಯಿತು. "ಹೊಸದ್ರಲ್ಲೂ ಎರಡೇ ಕಾಣುತ್ತೆ."

"ಊಟ ಅಗಿಯೋವಾಗ ದವಡೆ ಸೋಲುತ್ತಾ?"

ಉತ್ತರಿಸಿದವನು ಗಂಡ: "ರಾತ್ರಿ ಊಟ ಅರ್ಧಕ್ಕೇ ಬಿಡ್ತಾಳೆ. ಬೇಜಾರಿಗೆ ಅನ್ಕೊಂಡಿದ್ದೆ."

ನರ್ಸ್ ತಗ್ಗಿದ ದನಿಯಲ್ಲಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ನಾನು ಡಾಕ್ಟರ್ ಅಲ್ಲ, ಕಾಯಿಲೆಗೆ ಹೆಸರಿಡಲ್ಲ. ಆದ್ರೆ ಚರ್ಮ ಜೋತಿದ್ರೆ ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ಆಗಲ್ಲ. ಇದು ದಣಿಯೋ ಸ್ನಾಯು. ಹುಬ್ಬಿಗೆ ಹಾಕೋ ಇಂಜೆಕ್ಷನ್ ಇದೆಯಲ್ಲ, ಅದು ಕೆಲಸ ಮಾಡೋದೇ ಸ್ನಾಯುನ ಬಲ ಕುಗ್ಗಿಸಿ. ಮೊದಲೇ ಬಲ ಇಲ್ಲದ ಸ್ನಾಯುಗೆ ಅದು ಬಿದ್ರೆ ರೆಪ್ಪೆ ಪೂರ್ತಿ ಮುಚ್ಚಬಹುದು. ನುಂಗೋಕೆ, ಉಸಿರಾಡೋಕೆ ಕಷ್ಟ ಆಗಬಹುದು. ಕಣ್ಣಿನ ಅಂದಕ್ಕೆ ಹೋಗಿ ಉಸಿರಿಗೆ ಕುತ್ತು ತಂದ್ಕೋತೀರಾ?"

ಮೇಲಿನಿಂದ ಕೂಗು ಬಂತು: "ಅಕ್ಕ, ಬರ್ತೀರೋ ಇಲ್ವೋ?"

ಟಚಪ್ ಅಕ್ಕ ಮೆಟ್ಟಿಲ ಕಡೆ ನೋಡಿದಳು, ತೆರೆಯ ಮೇಲಿನ ಎರಡು ಮುಖಗಳನ್ನು ನೋಡಿದಳು.

"ಡಾಕ್ಟ್ರು ಏನೂ ಇಲ್ಲ ಅಂದ್ರೆ?"

"ಯಾವುದು ಮಾಡಿಸ್ಬೇಕೋ ಕೇಳ್ಕೊಂಡು, ನಾನೇ ಪಕ್ಕದಲ್ಲಿ ನಿಂತು ಮಾಡಿಸ್ತೀನಿ. ಆಸ್ಪತ್ರೆ ಏಳರವರೆಗೆ ತೆರೆದಿರುತ್ತೆ. ಈಗ್ಲೇ ಹೋಗೋಣ. ರೆಪ್ಪೆ ಇಳಿದಿರೋವಾಗ್ಲೇ ಅವರು ನೋಡ್ಲಿ."

ಟಚಪ್ ಅಕ್ಕ ಕೈಯಲ್ಲಿದ್ದ ಬೂದು ಕಾರ್ಡನ್ನು ಮೇಜಿನ ಮೇಲಿಟ್ಟಳು. "ರೀ, ಶಟರ್ ಎಳೀರಿ," ಎಂದಳು.

ಆಸ್ಪತ್ರೆಯ ವೈದ್ಯೆ ಎರಡೂ ಫೋಟೊಗಳನ್ನು ಗಂಡನ ಫೋನಿನಲ್ಲಿ ನೋಡಿದರು. ಬಳಿಕ ಒಂದು ಕೈಗವಸಿಗೆ ಮಂಜುಗಡ್ಡೆ ತುಂಬಿಸಿ, ಮುಚ್ಚಿದ ಎಡಗಣ್ಣಿನ ಮೇಲೆ ಇಟ್ಟರು. ಎರಡು ನಿಮಿಷ. ಗಂಡ ಗಡಿಯಾರದ ಮುಳ್ಳಿನ ಮೇಲೆ ಕಣ್ಣಿಟ್ಟು ಕುಳಿತ. ನೂರಿಪ್ಪತ್ತು ಸೆಕೆಂಡು ಎಷ್ಟು ಉದ್ದವೆಂಬುದು ಆತನಿಗೆ ಅಂದು ತಿಳಿಯಿತು. ಕೈಗವಸು ತೆಗೆದಾಗ ರೆಪ್ಪೆ ತಾನಾಗಿಯೇ ಮೇಲೆದ್ದಿತ್ತು. ಕೆಲವೇ ನಿಮಿಷಗಳಲ್ಲಿ ಅದು ಮತ್ತೆ ನಿಧಾನವಾಗಿ ಇಳಿಯಿತು.

"ತಂಪಿಗೆ ರೆಪ್ಪೆ ಎದ್ದಿದೆ ಅಂದ್ರೆ, ನರದ ಸಂದೇಶ ಸ್ನಾಯುಗೆ ಸರಿಯಾಗಿ ಮುಟ್ತಿಲ್ಲ ಅನ್ಸುತ್ತೆ," ಎಂದರು ವೈದ್ಯೆ. "ರಕ್ತ ಪರೀಕ್ಷೆ ಮಾಡಿಸಿ ಖಚಿತ ಮಾಡ್ಕೊಳ್ಳೋಣ. ಎದೆಯೊಳಗಿನ ಒಂದು ಗ್ರಂಥಿಗೂ ಇದಕ್ಕೂ ನಂಟಿರುತ್ತೆ, ಅದಕ್ಕೆ ಎದೆ ಸ್ಕ್ಯಾನೂ ಬೇಕು. ನರರೋಗದ ಡಾಕ್ಟ್ರಿಗೂ ಬರೆದುಕೊಡ್ತೀನಿ. ಇದಕ್ಕೆ ಮಾತ್ರೆ ಇದೆಯಮ್ಮ, ಈಗ ಕತ್ತರಿ ಬೇಡ. ಇವತ್ತು ಆ ಇಂಜೆಕ್ಷನ್ ಹಾಕಿಸ್ಕೊಳ್ಳದೇ ಇದ್ದದ್ದು ಒಳ್ಳೇದಾಯ್ತು."

ಪರೀಕ್ಷೆಗಳು ವೈದ್ಯೆಯ ಅನುಮಾನವನ್ನು ಖಚಿತಪಡಿಸಿದವು. ಮಾತ್ರೆ ಶುರುವಾದ ಎರಡು ತಿಂಗಳ ಬಳಿಕ, ಬೇಕೆಂದೇ ಸಂಜೆ ಆರಕ್ಕೆ, ಗಂಡ ಆಕೆಯ ಫೋಟೊ ತೆಗೆದ. ಎಡರೆಪ್ಪೆ ಬಲಕ್ಕಿಂತ ಈಗಲೂ ಒಂದು ಗೆರೆಯಷ್ಟು ಕೆಳಗಿತ್ತು, ಆದರೆ ಕಣ್ಣು ತೆರೆದಿತ್ತು. ಅಭ್ಯಾಸಬಲದಿಂದ ಆಕೆಯ ಕೈ ಮೌಸಿನತ್ತ ಹೋಯಿತು. ಅಲ್ಲಿಂದಲೇ ಹಿಂದಕ್ಕೆ ಬಂತು. "ಇದ್ದ ಹಾಗೇ ಕಳಿಸಿ," ಎಂದಳು. ಈ ಸಲ ಕಚೇರಿಯಿಂದ ಫೋಟೊ ವಾಪಸು ಬರಲಿಲ್ಲ. ಗುರುತಿನ ಚೀಟಿ ಬಂತು.

ಪಾರ್ಲರಿನವಳು ಮೊದಲ ಕೆಲವು ದಿನ ಮುಖ ತಿರುಗಿಸಿಕೊಂಡು ಓಡಾಡಿದಳು. ಆಮೇಲೆ ಒಂದು ಮಧ್ಯಾಹ್ನ, ತನ್ನ ರೆಪ್ಪೆಯಂಚಿನ ಹಳದಿ ಗಂಟು ತೋರಿಸಿ, "ಇದನ್ನ ನಾನೇ ತೆಗೀಬಹುದಾ?" ಎಂದು ನರ್ಸನ್ನು ಕೇಳಿದಳು. "ಮೊದಲು ರಕ್ತದಲ್ಲಿ ಕೊಬ್ಬು ಎಷ್ಟಿದೆ ನೋಡಿಸಿ," ಎಂಬ ಉತ್ತರ ಬಂತು. ಆಕೆ ನೋಡಿಸಿದಳು; ಕೊಬ್ಬು ಮಿತಿಮೀರಿತ್ತು. ಈಗ ಆಕೆಯ ಪಾರ್ಲರಿನಲ್ಲಿ ಹುಬ್ಬು ತಿದ್ದುತ್ತಾರೆ, ಕೂದಲು ಕತ್ತರಿಸುತ್ತಾರೆ. ಸೂಜಿ ತರುವವರಿಗೆ ಅಲ್ಲಿ ಕುರ್ಚಿಯಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ಚೆನ್ನಾಗಿ ಕಾಣಬೇಕೆಂಬ ಆಸೆ ತಪ್ಪಲ್ಲ. ಅದಕ್ಕಾಗಿ ಯಾರೂ ನಾಚಬೇಕಾಗಿಲ್ಲ. ಆದರೆ ಕಣ್ಣಿನ ಸುತ್ತ ಸೂಜಿಯಾಗಲಿ ಕತ್ತರಿಯಾಗಲಿ ಮುಟ್ಟುವ ಮುನ್ನ ಕಣ್ಣಿನ ವೈದ್ಯರಿಗೆ ಒಮ್ಮೆ ತೋರಿಸಿ. ಮಾಡುವವರು ವೈದ್ಯರೇ, ಹಾಕುವ ಮದ್ದು ಯಾವುದು, ತೊಂದರೆಯಾದರೆ ಅಲ್ಲಿಯೇ ಚಿಕಿತ್ಸೆ ಸಿಗುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ನೀವು ತೆಗೆದುಕೊಳ್ಳುವ ಮಾತ್ರೆಗಳನ್ನೂ ನಿಮಗಿರುವ ಕಾಯಿಲೆಗಳನ್ನೂ ಮುಚ್ಚಿಡಬೇಡಿ. ರೆಪ್ಪೆ ಸಂಜೆಗೆ ಇಳಿಯುತ್ತಿದ್ದರೆ, ಒಂದು ಎರಡಾಗಿ ಕಾಣುತ್ತಿದ್ದರೆ ನಾಳೆಯೇ ಆಸ್ಪತ್ರೆಗೆ ಹೊರಡಿ. ಇದ್ದಕ್ಕಿದ್ದಂತೆ ಒಂದೇ ದಿನದಲ್ಲಿ ರೆಪ್ಪೆ ಬಿದ್ದರೆ, ನುಂಗಲು, ಉಸಿರಾಡಲು ಕಷ್ಟವಾದರೆ ನಾಳೆಯವರೆಗೂ ಕಾಯಬೇಡಿ.

ಆ ಫೋಟೊದವನು ಈಗಲೂ ದಿನಕ್ಕೆರಡು ಸಲ ಹೆಂಡತಿಯ ಕೈಗೆ ಬೂದು ಕಾರ್ಡು ಕೊಟ್ಟು ಕೂರಿಸುತ್ತಾನೆ. ಈಗ ಮೊದಲು ಮುಖ ನೋಡುತ್ತಾನೆ, ಆಮೇಲೆ ಕಾರ್ಡು. ನಿಮ್ಮ ಮನೆಯಲ್ಲೂ ದಿನಾ ಕಣ್ಣೆದುರಿಗಿರುವ ಮುಖವೊಂದು ಇದ್ದೇ ಇರುತ್ತದೆ. ಇಂದು ಸಂಜೆ ಅದನ್ನು ಒಮ್ಮೆ ಸರಿಯಾಗಿ ನೋಡಿ.