ಡಬ್ಬಿ ತೋರಿಸಿದ ಸೊನ್ನೆ

ಇದನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಬೇಡಿ, ಕೊನೆಯವರೆಗೂ ಕೇಳಿ. ಅರ್ಧ ಕೇಳಿದವರಲ್ಲಿ ಕೆಲವರು ಪುಷ್ಪಲತಾಳನ್ನು ಬೈದರು, ಕೆಲವರು ಹೊಗಳಿದರು. ಪೂರ್ತಿ ಗೊತ್ತಿರುವುದು ಅವಳಿಗೊಬ್ಬಳಿಗೇ, ಅವಳು ಬಾಯಿ ಬಿಡುತ್ತಿಲ್ಲ.

ಪುಷ್ಪಲತಾ ಕೊಟ್ಟೂರಿನವಳು. ಅಪ್ಪ ಗುರುಸಂಗಪ್ಪನದು ಕಿರಾಣಿ ಅಂಗಡಿ. ಡಿಪ್ಲೊಮಾ ಮುಗಿಸಿ ತಂಬ್ರಹಳ್ಳಿ ರಸ್ತೆಯ ಗ್ಯಾಸ್ ಪ್ಲಾಂಟಿನಲ್ಲಿ ಸೇಫ್ಟಿ ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಾಗಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಕಪ್ಪು ಮಡ್ಡಿಯನ್ನು ಟ್ರ್ಯಾಕ್ಟರಿನಲ್ಲಿ ತಂದು, ದೊಡ್ಡ ಟ್ಯಾಂಕಿನಲ್ಲಿ ಕೊಳೆಸಿ, ಹುಟ್ಟಿದ ಗ್ಯಾಸನ್ನು ತೊಳೆದು ಸಿಲಿಂಡರಿಗೆ ತುಂಬುವ ಪ್ಲಾಂಟು ಅದು. ಗ್ಯಾಸನ್ನು ತೊಳೆಯುವುದೇಕೆ ಎಂದರೆ ಅದರಲ್ಲಿ ಹೈಡ್ರೋಜನ್ ಸಲ್ಫೈಡ್ ಬೆರೆತಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಮೊದಲ ವಾರ ಅವಳಿಗೆ ಊಟವೇ ಸೇರಿರಲಿಲ್ಲ.

ಅದರ ಪಾಠ ಹೇಳಿದವನು ಮ್ಯಾನೇಜರ್ ಪ್ರವೀಣಕುಮಾರ್. ಹರಪನಹಳ್ಳಿಯವನು. ಕರಾವಳಿಯ ರಿಫೈನರಿಯಲ್ಲಿ ಕಚ್ಚಾ ಎಣ್ಣೆಯಿಂದ ಗಂಧಕ ತೆಗೆಯುವ ಘಟಕದಲ್ಲಿ ಹನ್ನೆರಡು ವರ್ಷ ದುಡಿದು ಬಂದವನು.

"ರಿಫೈನರ್ಯಾಗೆ ಇರೋದೂ ಇದೇಯ, ನಮ್ಮ ಮಡ್ಡ್ಯಾಗೆ ಹುಟ್ಟೋದೂ ಇದೇಯ," ಎಂದಿದ್ದ. "ಎರಡೇ ಮಾತು ನೆನಪಿಟ್ಕ. ಒಂದು, ಮೂಗು ನಂಬಬ್ಯಾಡ. ಜಾಸ್ತಿ ಗ್ಯಾಸ್ ಇದ್ರೆ ಇದು ಮೊದಲು ಮೂಗನ್ನೇ ಸಾಯಿಸ್ತೈತಿ. ವಾಸ್ನೆ ಹೋತು ಅಂತ ನೀನು ಖುಷಿಯಾಗಿರ್ತೀಯ. ಡಬ್ಬಿ ನಂಬು. ಎರಡು, ಬಿದ್ದೋನ ಹಿಂದೆ ಇಳೀಬ್ಯಾಡ. ಅಲ್ಲಿ ಒಬ್ಬ ಬಿದ್ದ. ಅವನ್ನ ಎತ್ತಾಕೆ ಇನ್ನೊಬ್ಬ ಇಳ್ದ. ಇವರಿಬ್ರನ್ನೂ ಎತ್ತಾಕೆ ಮತ್ತೊಬ್ಬ. ಮೂರು ಜನಾನೂ ಒಂದೇ ವ್ಯಾನಿನಾಗೆ ಹೋದ್ರು."

ಡಬ್ಬಿ ಎಂದರೆ ಗ್ಯಾಸ್ ಡಿಟೆಕ್ಟರು. ಅಂಗೈಯಷ್ಟು ಅಗಲ, ಹಳದಿ ಬಣ್ಣ, ಮುಖದ ಮೇಲೆ ಗುಂಡಗಿನ ಸಣ್ಣ ಜಾಲರಿ. ಗ್ಯಾಸು ಆ ಜಾಲರಿಯೊಳಗೆ ಹೊಕ್ಕರೆ ಡಬ್ಬಿ ಲೆಕ್ಕ ತೋರಿಸುತ್ತದೆ, ಹತ್ತು ದಾಟಿದರೆ ಚೀರುತ್ತದೆ. ಪ್ಲಾಂಟಿನಲ್ಲಿ ಇದ್ದದ್ದು ಒಂದೇ. ಅದು ನಿಜ ಹೇಳುತ್ತಿದೆಯೋ ಇಲ್ಲವೋ ನೋಡಲು ಆಗಾಗ ಒಂದಿಷ್ಟು ಟೆಸ್ಟ್ ಗ್ಯಾಸ್ ಊದಬೇಕು. ಆ ಪುಟ್ಟ ಸಿಲಿಂಡರು ಖಾಲಿಯಾಗಿ ಎರಡು ತಿಂಗಳಾಗಿತ್ತು. ಪುಷ್ಪಲತಾ ಎರಡು ಸಲ ಮೇಲ್ ಹಾಕಿದ್ದಳು. ಬರುತ್ತೆ ಬರುತ್ತೆ ಎನ್ನುತ್ತಿದ್ದರು.

ಆಯುಧಪೂಜೆ ಬಂತು. ಪ್ರವೀಣಕುಮಾರ್ ಎಲ್ಲದಕ್ಕೂ ಪೂಜೆ ಮಾಡಿಬಿಡಿ ಎಂದು ಹೇಳಿ ಉಚ್ಚಂಗಿದುರ್ಗದ ನೆಂಟರ ಮನೆಗೆ ಹೊರಟುಹೋದ. ಆಪರೇಟರ್ ಯರ್ರಿಸ್ವಾಮಿ ಚೆಂಡುಹೂವಿನ ಹಾರ ತಂದ. ಅವನ ಅಪ್ಪ ಓಬಳೇಶಪ್ಪ, ಮಡ್ಡಿ ಹೊರುವ ಟ್ರ್ಯಾಕ್ಟರಿನ ಡ್ರೈವರು, ಚಕ್ರದಡಿಗೆ ನಿಂಬೆಹಣ್ಣಿಟ್ಟ. ಪುಷ್ಪಲತಾ ಒಂದು ಬಟ್ಟಲಲ್ಲಿ ವಿಭೂತಿ ಕಲಸಿಕೊಂಡು ಪಂಪಿಗೆ, ಸ್ಪ್ಯಾನರಿಗೆ, ಮೀಟರಿಗೆ ಹಚ್ಚುತ್ತ ಬಂದಳು. ಕೊನೆಗೆ ಡಬ್ಬಿ ಕೈಗೆತ್ತಿಕೊಂಡಳು. ಅವಳ ಆಯುಧ ಅದೇ ತಾನೆ? ಅಪ್ಪ ಅಂಗಡಿಯ ತಕ್ಕಡಿಗೆ ಹಚ್ಚುವ ಹಾಗೆ ಮೂರು ಬೆರಳದ್ದಿ ಡಬ್ಬಿಯ ಮುಖಕ್ಕೆ ಮೂರು ಗೆರೆ ಎಳೆದಳು. ಗುಂಡಗಿನ ಜಾಲರಿ ಸರಿಯಾಗಿ ಹಣೆಯ ನಡುವೆ ಇದ್ದಂತಿತ್ತು. ಅಲ್ಲೊಂದು ಕುಂಕುಮದ ಬೊಟ್ಟು.

"ಡಬ್ಬಿ ಅಯ್ಯನೋರು ಆತು ನೋಡ್ರಿ ಮೇಡಂ," ಎಂದ ಯರ್ರಿಸ್ವಾಮಿ. "ಇನ್ನ ಚೀರಂಗಿಲ್ಲ. ಬರೀ ಆಶೀರ್ವಾದ ಮಾಡ್ತೈತಿ."

"ನಿಮ್ಗ ಬರೀ ಚಾಷ್ಟಿ, ಅಣ್ಣ. ದೇವ್ರ ಹೊತ್ನ್ಯಾಗರ ಸುಮ್ಕಿರ್ರಿ," ಎಂದು ಅವಳೂ ನಕ್ಕಳು.

ಹಬ್ಬ ಕಳೆದ ಮರುದಿನ ಪ್ಲಾಂಟಿನಲ್ಲಿ ಜನವೇ ಇರಲಿಲ್ಲ. ಯರ್ರಿಸ್ವಾಮಿ ಬಂದವನೇ ಬನ್ನಿ ಎಲೆ ಕೊಟ್ಟ. "ಬಂಗಾರದಂಗ ಇರೂಣ್ರಿ ಮೇಡಂ." ಅವಳು ಎಲೆಯನ್ನು ಟಿಫಿನ್ ಚೀಲದೊಳಗೆ ಹಾಕಿ, ಡಬ್ಬಿಯ ಮೇಲಿನ ಒಣ ವಿಭೂತಿಯನ್ನು ವೇಲಿನ ತುದಿಯಿಂದ ಒರೆಸಿ, ಬಟನ್ ಒತ್ತಿದಳು. ಡಬ್ಬಿ ಹೊತ್ತಿಕೊಂಡಿತು. ಸೊನ್ನೆ.

ದಿನಾ ಬೆಳಗ್ಗೆ ಮಾಡುವ ಕೆಲಸವೊಂದಿತ್ತು. ಗ್ಯಾಸ್ ಪೈಪಿನಲ್ಲಿ ಸೇರುವ ನೀರನ್ನು ಇಳಿಸಲು ಹತ್ತಡಿ ಆಳದ ಒಂದು ಗುಂಡಿ ಇದೆ. ಅದರ ತಳದಲ್ಲಿ ಒಂದು ವಾಲ್ವು. ಏಣಿ ಇಳಿದು ತಿರುಗಿಸಿ ಬರಬೇಕು, ಐದು ನಿಮಿಷದ ಕೆಲಸ. ಯರ್ರಿಸ್ವಾಮಿ ಗುಂಡಿಯ ಕಂಬಿಬಾಗಿಲು ಎತ್ತಿದ. ವಾಸನೆ ಮುಖಕ್ಕೆ ಬಡಿಯಿತು. ಇಬ್ಬರೂ ಅತ್ತ ತಿರುಗಿದರು. ಒಂದು ನಿಮಿಷ ಕಳೆಯುವಷ್ಟರಲ್ಲಿ ವಾಸನೆ ಇಲ್ಲ.

"ಹೋತು ನೋಡ್ರಿ, ಗಾಳಿಗೆ."

"ಮೂಗಿನ ಮಾತು ಕೇಳಬ್ಯಾಡ್ರಿ ಅಣ್ಣ. ತಡಿರಿ, ಡಬ್ಬಿ ಬಿಡ್ತೀನಿ."

ನೈಲಾನ್ ಹಗ್ಗಕ್ಕೆ ಕಟ್ಟಿ ಡಬ್ಬಿಯನ್ನು ತಳದ ನೀರಿಗೆ ತಾಗದಷ್ಟು ಕೆಳಗೆ ಇಳಿಸಿದಳು. ಗಡಿಯಾರ ನೋಡುತ್ತ ಎರಡು ನಿಮಿಷ ಹಿಡಿದಳು. ಚೀರಲಿಲ್ಲ. ಎಳೆದು ನೋಡಿದರೆ ಸೊನ್ನೆ. ಮತ್ತೆ ಇಳಿಬಿಟ್ಟಳು. ಮಾಡಬೇಕಾದ್ದನ್ನೆಲ್ಲ ಪುಸ್ತಕದಲ್ಲಿದ್ದ ಹಾಗೇ ಮಾಡಿದ್ದಳು, ಒಂದನ್ನು ಬಿಟ್ಟು.

"ಹಗ್ಗದ ಬೆಲ್ಟ್ ಹಾಕ್ಕೊಳ್ರಿ ಅಣ್ಣ."

"ಸೊನ್ನಿಗೆ ಬೆಲ್ಟ್ ಯಾಕ್ರಿ ಮೇಡಂ? ಅದು ವಾಲ್ವಿಗೆ ಸಿಗಬೀಳ್ತೈತಿ. ಹಿಂಗ ಹೋಗಿ ಹಂಗ ಬರ್ತೀನಿ."

ಅವಳು ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಸೊನ್ನೆಯನ್ನು ಕಣ್ಣಾರೆ ಕಂಡಿದ್ದಳಲ್ಲ.

ಯರ್ರಿಸ್ವಾಮಿ ಆರೇಳು ಮೆಟ್ಟಿಲು ಇಳಿದ. "ಮೇಡಂ, ಇಲ್ಲಿ..." ಎಂದ. ಅಷ್ಟೇ. ಕೈ ತಾನಾಗಿ ಬಿಚ್ಚಿಕೊಂಡಿತು. ತಳದ ನೀರಿಗೆ ಬಿದ್ದ ಸದ್ದು ಬಂತು. ಆಮೇಲೆ ಅವನ ಕಡೆಯಿಂದ ಏನೂ ಬರಲಿಲ್ಲ.

ಪುಷ್ಪಲತಾ ಸೈರನ್ ಒತ್ತಿದಳು. ಗಾಳಿ ಊದುವ ಫ್ಯಾನನ್ನು ಎಳೆದು ತಂದು ಗುಂಡಿಯ ಬಾಯಿಗೆ ತಿರುಗಿಸಿದಳು. ಹಗರಿಬೊಮ್ಮನಹಳ್ಳಿಯ ಫೈರ್ ಸ್ಟೇಷನ್ನಿಗೆ ಫೋನ್ ಮಾಡಿದಳು. ಉಸಿರಾಡುವ ಮಾಸ್ಕಿನ ಪೆಟ್ಟಿಗೆ ತೆರೆದಳು. ಮಾಸ್ಕ್ ಇತ್ತು. ಅದರ ಸಿಲಿಂಡರು ಗಾಳಿ ತುಂಬಿಸಿಕೊಂಡು ಬರಲು ಹೊಸಪೇಟೆಗೆ ಹೋಗಿತ್ತು, ಹಬ್ಬ ಮುಗಿಸಿ ಬರುವುದಿತ್ತು.

ಸೈರನ್ನಿಗೆ ಓಬಳೇಶಪ್ಪ ಟ್ರ್ಯಾಕ್ಟರಿಂದ ಧುಮುಕಿ ಓಡಿ ಬಂದ. ಗುಂಡಿಯೊಳಗೆ ಬಗ್ಗಿ ನೋಡಿದ.

"ನಮ್ಮ ಹುಡುಗ ಅಲ್ಲೇನವ್ವ ಅದು?"

"ಕಾಕಾ, ಇಳೀಬ್ಯಾಡ್ರಿ. ಗ್ಯಾಸ್ ಐತಿ. ಫೈರಿನೋರು ಬರಾಕತ್ಯಾರ."

ಹೇಳುತ್ತಲೇ ಹಗ್ಗ ಎಳೆದಳು. ಡಬ್ಬಿ ಮೇಲೆ ಬಂತು. ಇಬ್ಬರೂ ನೋಡಿದರು. ಸೊನ್ನೆ.

"ಗ್ಯಾಸ್ ಎಲ್ಲೈತಿ? ಸೊನ್ನಿ ಐತಲ್ಲ," ಎಂದ ಓಬಳೇಶಪ್ಪ. "ಕಾಲು ಜಾರಿ ಬಿದ್ದಾನ ಅವ. ಸರಿ ಅತ್ತಾಗ."

ಅವಳಿಗೂ ತಿಳಿಯಲಿಲ್ಲ. ಡಬ್ಬಿ ನಂಬು ಎಂದವನು ಪ್ರವೀಣಕುಮಾರ್. ಬಿದ್ದವನ ಹಿಂದೆ ಇಳಿಯಬೇಡ ಎಂದವನೂ ಅವನೇ. ಆ ಗಳಿಗೆಯಲ್ಲಿ ಒಂದು ಮಾತು ಇನ್ನೊಂದರ ಎದುರು ನಿಂತಿತ್ತು. ಮುದುಕ ಆಗಲೇ ಮೂರು ಮೆಟ್ಟಿಲು ಇಳಿದಿದ್ದ. ಅವಳು ಅವನ ಅಂಗಿಯ ಕಾಲರು ಹಿಡಿದು ಜಗ್ಗಿದಳು. ಅವನು ಏಣಿಯ ಕಂಬಿ ಬಿಡಲಿಲ್ಲ. ಆಗ ಪುಷ್ಪಲತಾ ಬಗ್ಗಿ ಅವನ ಮಣಿಕಟ್ಟಿಗೆ ಹಲ್ಲು ಊರಿ ಕಚ್ಚಿದಳು. ಬಾಯಿಗೆ ರಕ್ತದ ರುಚಿ ಬಂತು. ಅವನ ಕೈ ಸಡಿಲಾಯಿತು, ತಲೆಯೂ ತಿರುಗುತ್ತಿತ್ತೋ ಏನೋ, ಹೇಗೋ ಎಳೆದು ಹಾಕಿದಳು. ಕಂಬಿಬಾಗಿಲು ಮುಚ್ಚಿ ಅದರ ಮೇಲೆ ಕುಳಿತುಬಿಟ್ಟಳು.

ಮುದುಕ ಅವಳನ್ನು ಹೊಡೆಯಲಿಲ್ಲ. ಪಕ್ಕದಲ್ಲೇ ಮಂಡಿಯೂರಿ ಕಂಬಿಯ ಸಂದಿಯಿಂದ ನೋಡುತ್ತಿದ್ದ.

"ಯವ್ವಾ, ಬೆನ್ನು ಏಳಾಕತ್ತೈತಿ ನೋಡು. ಉಸುರು ಐತಿ ಅವನಿಗೆ. ಬಿಡಬೇ."

ಅವಳು ಕೆಳಗೆ ನೋಡಲಿಲ್ಲ.

"ಯರ್ರೀ... ಲೇ ಯರ್ರೀ... ಏಳಲೇ." ಸ್ವಲ್ಪ ಹೊತ್ತಿನ ಮೇಲೆ, "ಬೆನ್ನು ಈಗ ಏಳವಲ್ದು."

ಫೈರ್ ಎಂಜಿನ್ ಬಂದದ್ದು ಇಪ್ಪತ್ತೆರಡು ನಿಮಿಷಕ್ಕೆ. ಮಾಸ್ಕ್ ಹಾಕಿಕೊಂಡ ಇಬ್ಬರು ಇಳಿದು ಯರ್ರಿಸ್ವಾಮಿಯನ್ನು ಎತ್ತಿ ತಂದರು. ಜೀವ ಹೋಗಿತ್ತು. ಅವನಿಗೆ ಇಪ್ಪತ್ತಾರು ವರ್ಷ.

ಪ್ರವೀಣಕುಮಾರ್ ದಾರಿಯಿಂದಲೇ ಫೋನ್ ಮಾಡಿದ. "ಡಬ್ಬಿ ಸೊನ್ನೆ ತೋರ್ಸಿತ್ತು ಹೌದಲ್ಲ? ಹಂಗಾದ್ರೆ ನಿಂದೇನೂ ತಪ್ಪಿಲ್ಲಮ್ಮ. ಅವನು ಇಳಿದ ಮೇಲೆ ಗ್ಯಾಸು ಒಮ್ಮಿಗೇ ನುಗ್ಗೈತಿ. ಹಂಗೇ ಬರ್ಕೊಡು." ಅವಳು ಹಾಗೇ ಬರೆದುಕೊಟ್ಟಳು. ಬರೆದ ಮೇಲೆ ನಂಬಿದಳು ಕೂಡ. ಫೈರಿನವರು ಅವಳ ಬೆನ್ನು ತಟ್ಟಿ, ಈ ಹುಡುಗಿ ಇಲ್ಲದಿದ್ದರೆ ಎರಡು ಹೆಣ ಎತ್ತಬೇಕಿತ್ತು ಎಂದರು. ತಂಬ್ರಹಳ್ಳಿಯಲ್ಲಿ ಬೇರೆಯೇ ಮಾತು. ಉಸಿರಾಡುತ್ತಿದ್ದ ಮಗನನ್ನು ಅಪ್ಪ ಮುಟ್ಟದ ಹಾಗೆ ಮಾಡಿದಳು, ನಾಯಿಯ ಹಾಗೆ ಕಚ್ಚಿದಳು ಎಂದರು.

ಮೂರನೇ ದಿನ ಬೆಳಗ್ಗೆ ಅವಳು ಅಪ್ಪನ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದಳು. ಗುರುಸಂಗಪ್ಪ ತಕ್ಕಡಿಯನ್ನು ಬೋರಲು ಹಾಕಿ, ಅದರ ಸಂದಿಯಲ್ಲಿ ಬೆಂಕಿಕಡ್ಡಿ ಆಡಿಸುತ್ತಿದ್ದ. ಬಿಳಿ ಹಕ್ಕಳೆ ಉದುರುತ್ತಿತ್ತು.

"ಏನಪ್ಪ ಅದು?"

"ವಿಭೂತಿ. ಹಬ್ಬಕ್ಕ ಹಚ್ಚಿದ್ನಲ್ಲ, ಒಣಗಿ ಸಂದ್ಯಾಗ ಗಟ್ಟಿಯಾಗಿ ಕುಂತೈತಿ. ತೆಗೀಲಿಲ್ಲಂದ್ರ ತಕ್ಕಡಿ ಸುಳ್ಳು ಹೇಳ್ತೈತಿ."

ಪುಷ್ಪಲತಾ ಎದ್ದು ಒಳಗೆ ಹೋದಳು. ಡಬ್ಬಿ ಅವಳ ಚೀಲದಲ್ಲೇ ಇತ್ತು. ಯಾರೂ ಕೇಳಿರಲಿಲ್ಲ, ಸೊನ್ನೆ ತೋರಿಸಿದ ಡಬ್ಬಿಯನ್ನು ಯಾರು ಕೇಳುತ್ತಾರೆ? ಬೆಳಕಿಗೆ ಹಿಡಿದಳು. ಮುಖ ಚೊಕ್ಕಟವಾಗಿತ್ತು, ಅವಳೇ ಒರೆಸಿದ್ದಳು. ಪಿನ್ನಿನ ತುದಿಯನ್ನು ಜಾಲರಿಯ ಒಂದು ಕಣ್ಣಿಗೆ ಮೆಲ್ಲಗೆ ತಾಗಿಸಿದಳು. ಅಂಗೈ ಮೇಲೆ ಚಿಟಿಕೆಯಷ್ಟು ಬೂದಿ ಉದುರಿತು, ಅದರಲ್ಲಿ ಕುಂಕುಮದ ಒಂದು ಕಣ. ಉಳಿದ ಕಣ್ಣುಗಳೆಲ್ಲ ಸುಣ್ಣ ಬಳಿದ ಗೋಡೆಯ ಹಾಗೆ ಮುಚ್ಚಿದ್ದವು. ಪಿನ್ನು ಕೆಳಗಿಟ್ಟಳು. ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿದಳು. ಚೀಲದ ತಳದಲ್ಲಿ ಬನ್ನಿ ಎಲೆ ಇನ್ನೂ ಹಾಗೇ ಇತ್ತು.

ಹನ್ನೆರಡನೇ ದಿನ ಅವಳು ಪ್ಲಾಂಟಿಗೆ ಹೋದಾಗ ಓಬಳೇಶಪ್ಪ ಗೇಟಿನ ಹೊರಗಿನ ಬೇವಿನ ಕಟ್ಟೆಯ ಮೇಲೆ ಕೂತಿದ್ದ. ತಲೆ ಬೋಳಿಸಿದ್ದ. ಅವಳನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

"ಕುಂದ್ರವ್ವ. ಬೈಯಾಕ ಬಂದಿಲ್ಲ ನಾನು. ಊರಾಗ ಬೈಯೋರಿಗೂ ಬಾಯಿ ಮುಚ್ರಿ ಅಂದೀನಿ."

ಅವನ ಮಣಿಕಟ್ಟಿನ ಮೇಲೆ ಅವಳ ಹಲ್ಲಿನ ಗುರುತು ಕಪ್ಪಗೆ, ಅರ್ಧ ಚಂದ್ರನ ಹಾಗೆ ಕಾಣುತ್ತಿತ್ತು.

"ಸಾಹೇಬ್ರು ಮನಿಗೆ ಬಂದಿದ್ರು. ಅವ ಇಳಿದ ಮ್ಯಾಲೆ ಗ್ಯಾಸ್ ನುಗ್ಗಿತು ಅಂದ್ರು. ಇರಬೌದು. ಆದ್ರ ಅವ ಬಿದ್ದ ಮ್ಯಾಲೆ ನೀನು ಡಬ್ಬಿ ಎಳದ್ಯಲ್ಲ, ಅವಾಗೂ ಸೊನ್ನಿ ಇತ್ತು. ನಾನು ಓದಿಲ್ಲ ಖರೆ, ಸೊನ್ನಿ ನನಗೂ ಗೊತ್ತೈತಿ." ಅವನು ಮಣಿಕಟ್ಟನ್ನು ಉಜ್ಜಿಕೊಂಡ. "ದಿನಾ ರಾತ್ರಿ ಇದ ತಲ್ಯಾಗ ತಿರಗತೈತಿ. ಗ್ಯಾಸ್ ಇರ್ಲಿಲ್ಲ ಅಂದ್ರ ನನ್ನ ಯಾಕ ಬಿಡ್ಲಿಲ್ಲ? ಇತ್ತು ಅಂದ್ರ ಅವನ್ನ ಯಾಕ ಬಿಟ್ಟಿ? ಎರಡರಾಗ ಒಂದು ಹೇಳಿಬಿಡವ್ವ, ಸಾಕು. ನೀ ಏನ್ ಹೇಳಿದ್ರೂ ನಂಬ್ತೀನಿ."

ನಂಬುತ್ತಿದ್ದ, ಅದು ಅವಳಿಗೆ ಗೊತ್ತಿತ್ತು. ಮಗನನ್ನು ಉಳಿಸಿಕೊಳ್ಳಬಹುದಿತ್ತು ಎಂಬ ಹುಳ ಅವನ ತಲೆಯಿಂದ ಹೋಗಬೇಕಾದರೆ ಒಂದೇ ದಾರಿ: ಗ್ಯಾಸ್ ಇತ್ತು, ಡಬ್ಬಿ ಕುರುಡಾಗಿತ್ತು, ಕುರುಡು ಮಾಡಿದ್ದು ಈ ಮೂರು ಬೆರಳು ಎಂದು ಹೇಳುವುದು. ಹೇಳದಿದ್ದರೆ ಸಾಯುವವರೆಗೂ ಅವನು ಆ ಕಂಬಿಯ ಸಂದಿಯಿಂದ ಮಗನ ಬೆನ್ನನ್ನೇ ನೋಡುತ್ತಿರುತ್ತಾನೆ. ಅವಳು ಡಬ್ಬಿಯಿದ್ದ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಮುದುಕ ಕಾಯುತ್ತ ಕೂತಿದ್ದ, ಅವಸರವೇನೂ ಇರಲಿಲ್ಲ ಅವನಿಗೆ.

ಆ ಕಟ್ಟೆಯ ಮೇಲೆ, ಆ ಚೀಲ ಹಿಡಿದುಕೊಂಡು ನೀವು ಕೂತಿದ್ದರೆ, ಅವನಿಗೆ ಏನು ಹೇಳುತ್ತಿದ್ದಿರಿ?