ಕರೆದರೆ ಬರುವ ನಾಯಿ

ಬೆಳಗಿನ ನೀರುದೋಸೆಯಲ್ಲಿ ಉಳಿದ ಒಂದನ್ನು ಹಿಡಿದುಕೊಂಡು ಕೌಸಲ್ಯಾ ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಮುಖ ರಸ್ತೆಯ ಕಡೆಗೆ, ಬೆನ್ನು ಸೌದೆ ಕೊಟ್ಟಿಗೆಯ ಕಡೆಗೆ. ಕೊಟ್ಟಿಗೆಯ ಮೂಲೆಯಲ್ಲಿ ಬೊಳ್ಳಿ ಇತ್ತು. ತಿರುಗಿ ಅದರ ಕಣ್ಣು ನೋಡಿದರೆ ಕೆಲಸ ಕೆಟ್ಟಿತು ಎಂದು ಕೌಸಲ್ಯಾಗೆ ಅಷ್ಟರಲ್ಲಿ ಗೊತ್ತಾಗಿತ್ತು. ದೋಸೆಯ ಚೂರನ್ನು ಬೆನ್ನ ಹಿಂದೆ ಹಾಕಿ, ತನಗೂ ನಾಯಿಗೂ ಸಂಬಂಧವೇ ಇಲ್ಲದವಳ ಹಾಗೆ ರಸ್ತೆ ನೋಡುತ್ತಿದ್ದಳು.

"ನಾಯಿಗೆ ಬೆನ್ನು ಹಾಕಿ ಊಟ ಬಡಿಸುದನ್ನು ಕಾಣಿಯೂರಲ್ಲಿ ಬೇರೆ ಎಲ್ಲಿಯೂ ನೋಡ್ಲಿಲ್ಲ ಮಾರಾಯ್ತಿ," ಎಂದ ಗಂಡ ರಾಧಾಕೃಷ್ಣ ಜಗಲಿಯಿಂದ. "ಅದು ನಾಯಿಯಾ, ಮದುಮಗಳಾ?"

"ಮೆಲ್ಲ ಮಾತಾಡಿ. ಒಳಗೆ ಹೋಯ್ತು ನೋಡಿ."

ಬೊಳ್ಳಿಯನ್ನು ತಂದುಕೊಟ್ಟವನು ಪುತ್ತೂರಿನ ಆಟೋದ ರಿಯಾಝ್. ಸಂತೆಯ ಬದಿಯಲ್ಲಿ ಬಾಯಿ ಕಟ್ಟಿದ ಸಿಮೆಂಟಿನ ಗೋಣಿ ಅಲುಗಾಡುತ್ತಿತ್ತಂತೆ. ಬಿಚ್ಚಿದರೆ ಒಳಗೆ ಬಿಳಿ ಹೆಣ್ಣು ಮರಿ. ನಮ್ಮ ಕಡೆ ಹೆಣ್ಣು ಮರಿ ಹುಟ್ಟಿದರೆ ಹೀಗೆ ಪೇಟೆಗೆ ಸಾಗಿಸಿಬಿಡುತ್ತಾರೆ. ಕೊಂದರೆ ಪಾಪ ಬರುತ್ತದಂತೆ, ಬಿಟ್ಟು ಬಂದರೆ ಬರುವುದಿಲ್ಲವಂತೆ. ಹಾಗೆ ಬಿಟ್ಟವರೂ ಅವತ್ತು ಮನೆಗೆ ಹೋಗಿ ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚಿಯೇ ಇರುತ್ತಾರೆ.

ಹುಟ್ಟಿದ ಮನೆಯಲ್ಲಾಗಲಿ, ಬಂದ ಮನೆಯಲ್ಲಾಗಲಿ ಕೌಸಲ್ಯಾ ನಾಯಿ ಸಾಕಿದವಳಲ್ಲ. ರಾಧಾಕೃಷ್ಣ ಒಪ್ಪಿದ್ದು ಮಂಗಗಳ ದೆಸೆಯಿಂದ. ತೆಂಗಿನ ತೋಟದಲ್ಲಿ ಒಂದು ಬೊಂಡ ಉಳಿಸುತ್ತಿರಲಿಲ್ಲ ಅವು. ಎಳೆಯದನ್ನು ಕಿತ್ತು, ತೂತು ಮಾಡಿ, ಅರ್ಧ ಕುಡಿದು ಬಿಸಾಡಿ ಹೋಗುತ್ತಿದ್ದವು. ಅವನ್ನು ಓಡಿಸಲು ಗರ್ನಾಲು ಪಟಾಕಿ ಹೊಟ್ಟಿಸಿ ಹೊಟ್ಟಿಸಿ ಅವನ ಕಿವಿಯೇ ಮಂದವಾಗಿತ್ತು. ಒಂದು ಜೋರಿನ ನಾಯಿ ಇದ್ದರೆ ಆದೀತು ಎಂದುಕೊಂಡಿದ್ದ. ಬಂದದ್ದು ಗರ್ನಾಲಿನ ಸದ್ದಿಗೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುವ ಬೊಳ್ಳಿ.

ಬೇಸಗೆಯಲ್ಲಿ ಬಂದ ಮರಿ ಚೌತಿಯ ಹೊತ್ತಿಗೆ ಕೌಸಲ್ಯಾಳ ಬೆನ್ನ ಹಿಂದೆ ನಿಂತು ತಿಂದಿತು. ನವರಾತ್ರಿಗೆ ಅಂಗೈಯಿಂದ ತಿಂದಿತು. ಆಮೇಲೊಂದು ದಿನ ತೋಟದ ಬದಿಯಿಂದ ಸುಮ್ಮನೆ ಕೂಗಿದಳು, "ಬೊಳ್ಳೀ, ಬಾ." ಕೊಟ್ಟಿಗೆಯಿಂದ ಹೊರಟ ನಾಯಿ ಹೊಟ್ಟೆ ನೆಲಕ್ಕೆ ತಾಗಿಸುತ್ತ, ಅರ್ಧದಲ್ಲಿ ಕೂತು ಎದ್ದು, ಕೊನೆಗೆ ಅವಳ ಕಾಲ ಹತ್ತಿರ ಬಂತು. ಕೌಸಲ್ಯಾ ಅಲ್ಲೇ ಮಣ್ಣಿನಲ್ಲಿ ಕೂತು ಅತ್ತಳು. ಇಡೀ ಜೀವಮಾನದಲ್ಲಿ ಅವಳು ಕರೆದಾಗ ಬೇರೆ ಯಾರೂ ಇಷ್ಟು ಕಷ್ಟಪಟ್ಟು ಬಂದಿರಲಿಲ್ಲ.

ಅದನ್ನು ಕಂಡ ರಾಧಾಕೃಷ್ಣನಿಗೆ ಬೇರೆಯೇ ಹೊಳೆಯಿತು.

"ಹೆದರಿಕೆ ಬಿಡಿಸುದಕ್ಕೆ ದೋಸೆ ಎಂತಕ್ಕೆ? ನಂಗೆ ಈಜು ಬಂದದ್ದು ಅಪ್ಪ ಕೆರೆಗೆ ದೂಡಿದ ಮೇಲೆ. ತೋಟದಲ್ಲಿ ಕಟ್ಟಿ ಹಾಕಿ ನಾಲ್ಕು ಗರ್ನಾಲು ಹೊಟ್ಟಿಸುವ. ಮತ್ತೆ ಅಭ್ಯಾಸ ಆಗ್ತದೆ."

"ಅದು ಸತ್ತು ಹೋಗ್ತದೆ ಹೆದರಿ."

"ನಾನು ಸತ್ತಿದ್ದೇನಾ? ನೋಡು, ಮಂಗ ಓಡಿಸದ ನಾಯಿಯನ್ನು ನೋಡ್ಲಿಕ್ಕೆ ಇಟ್ಟುಕೊಳ್ಳುದಾ? ಹಾಗಾದರೆ ರಿಯಾಝನಿಗೆ ಫೋನ್ ಮಾಡು, ತಂದಲ್ಲಿಗೇ ಬಿಡಲಿ." ಸ್ವರ ತಗ್ಗಿಸಿ ಸೇರಿಸಿದ, "ನಾನು ಕರೆದರೆ ಬರುದಿಲ್ಲ ಅದು. ನೀನು ಕರೆದು ಸಂಕಲೆ ಹಾಕಿ ಕೊಡು, ಸಾಕು."

ಕೌಸಲ್ಯಾ ಬೇಡ ಎನ್ನಬಹುದಿತ್ತು. ಬೊಳ್ಳಿ ಮತ್ತೆ ಸಂತೆಬದಿ ಸೇರೀತು ಎಂಬ ಹೆದರಿಕೆ ಒಂದಾದರೆ, ಒಳಗೊಳಗೇ ಇನ್ನೊಂದಿತ್ತು: ತಾನು ಕರೆದರೆ ಬರುತ್ತದೆ ಎಂದು ಗಂಡನ ಎದುರಿಗೆ ಒಮ್ಮೆ ತೋರಿಸಬೇಕು. ಮದುಮಗಳು ಎಂದು ನಗಾಡಿದವನಲ್ಲವೇ?

"ಬೊಳ್ಳೀ, ಬಾ."

ಬೊಳ್ಳಿ ಬಂತು. ಈ ಸಲ ತೆವಳಲಿಲ್ಲ, ಬಾಲ ಅಲ್ಲಾಡಿಸುತ್ತ ಓಡಿ ಬಂತು. ಕೌಸಲ್ಯಾ ಸಂಕಲೆ ಹಾಕಿದಳು. ಅದು ಅವಳ ಕೈ ನೆಕ್ಕಿತು.

ಮೊದಲ ಗರ್ನಾಲು ಹೊಟ್ಟಿದ್ದೇ ಬೊಳ್ಳಿ ಕಿರುಚಿದ ಕಿರುಚು ನಾಯಿಯದ್ದು ಎಂದು ಯಾರೂ ಹೇಳಲಾರರು. ಎರಡನೆಯದಕ್ಕೆ ಸಂಕಲೆ ತೆಂಗಿನ ಬುಡಕ್ಕೆ ಸುತ್ತಿಕೊಂಡು ಕುತ್ತಿಗೆ ಬಿಗಿಯಿತು. "ಸಾಕು, ನಿಲ್ಲಿಸಿ!" ಎಂದು ಕೌಸಲ್ಯಾ ಓಡಿ ಕೊಕ್ಕೆಗೆ ಕೈ ಹಾಕಿದಳು. ಬೊಳ್ಳಿ ಆ ಕೈಯನ್ನೇ ಕಚ್ಚಿತು, ಹಲ್ಲು ಎಲುಬಿಗೆ ತಾಗುವಷ್ಟು. ಅವಳು ಕೈ ಎಳೆಯದೆ ಇನ್ನೊಂದರಲ್ಲಿ ಕೊಕ್ಕೆ ಬಿಚ್ಚಿದಳು. ನಾಯಿ ಬೇಲಿ ನುಗ್ಗಿ ಹೋಯಿತು.

ಆಸ್ಪತ್ರೆಯಲ್ಲಿ ಗಾಯ ತೊಳೆಯುತ್ತ ನರ್ಸ್ ಕೇಳಿದಳು, "ಬೀದಿ ನಾಯಿಯಾ ಅಮ್ಮ, ಸಾಕಿದ್ದಾ?"

"ಸಾಕಿದ್ದು."

"ಸಾಕಿದ ನಾಯಿ ಯಾಕೆ ಕಚ್ಚಿತು?"

ರಾಧಾಕೃಷ್ಣ ಬಾಯಿ ತೆರೆದ. ಅವನಿಗಿಂತ ಮೊದಲು ಕೌಸಲ್ಯಾ ಹೇಳಿದಳು, "ನಾನು ಕರೆದೆ. ಅದು ನಂಬಿ ಬಂತು. ಹಾಗಾಗಿ ಕಚ್ಚಿತು."

ನರ್ಸಿಗೆ ತಲೆಬುಡ ಅರ್ಥವಾಗಲಿಲ್ಲ. ರಾಧಾಕೃಷ್ಣನಿಗೆ ಆಯಿತು.

ಹಸಿವು ತಡೆಯದೆ ಬೊಳ್ಳಿ ಮರುದಿನ ಬಂತು, ಆದರೆ ಕೊಟ್ಟಿಗೆಗಲ್ಲ. ಬೇಲಿಯಾಚೆ ಇಟ್ಟ ಅನ್ನವನ್ನು ಕೌಸಲ್ಯಾ ಒಳಗೆ ಹೋದ ಮೇಲೆ ತಿಂದು ಹೋಯಿತು. ಆ ವಾರವೇ ಮಂಗಗಳ ಹಿಂಡು ತೋಟಕ್ಕಿಳಿಯಿತು. ರಾಧಾಕೃಷ್ಣ ಗರ್ನಾಲಿನ ಕಟ್ಟು ತೆಗೆದ. ಬೇಲಿಯಾಚೆ ಬಿಳಿ ಬೆನ್ನೊಂದು ಕಂಡಿತು. ಕಟ್ಟನ್ನು ಪೂರ್ತಿ ಬಾಲ್ದಿಯ ನೀರಿಗೆ ಮುಳುಗಿಸಿದ. ಕೋಲು ಹಿಡಿದು ತಾನೇ ತೋಟದಲ್ಲಿ ಓಡಾಡಿದ. ಮಂಗಗಳು ಅವನಿಗೆ ಕ್ಯಾರೇ ಎನ್ನಲಿಲ್ಲ. ಅವನ ಕಣ್ಣೆದುರೇ ಬೊಂಡಗಳು ದೊಪ್ಪ ದೊಪ್ಪ ಬಿದ್ದವು.

ಏದುಸಿರು ಬಿಡುತ್ತ ಬಂದು ಜಗಲಿಯಲ್ಲಿ ಕೂತ. "ಇನ್ನು ಹೊಟ್ಟಿಸುದಿಲ್ಲ," ಎಂದ. ಬೇಲಿಯ ಕಡೆ ನೋಡಿ, ಯಾಚಿಸುವವನಂತೆ ಕೇಳಿದ, "ಒಮ್ಮೆ ಕರೆದು ನೋಡು. ನೀನು ಕರೆದರೆ ಬಂದೀತು."

"ಬಂದೀತು," ಎಂದಳು ಕೌಸಲ್ಯಾ. "ಹಾಗಾಗಿಯೇ ನಾನು ಕರೆಯುದಿಲ್ಲ."