ಹಾಜರಿ ಹಾಳೆಯ ಸಹಿಗಳು

ಬಸ್ ಡ್ರೈವರನ ಮಗಳಿಗೆ ಹದಿನೇಳು ವರ್ಷ. ಯಾವ ಮಾತನ್ನೂ ಸುಮ್ಮನೆ ಒಪ್ಪುವವಳಲ್ಲವಾದ್ದರಿಂದ ಮನೆಯಲ್ಲಿ ಅವಳಿಗೆ ‘ವಕೀಲಮ್ಮ’ ಅಂತಲೇ ಹೆಸರು. ಅಂಥವಳು ಕಣ್ಣುಮುಚ್ಚಿ ನಂಬಿದ್ದು ಒಬ್ಬರನ್ನೇ, ಪುರಸಭೆಯ ಮಹಡಿಯ ಮೇಲೆ ಶನಿವಾರ ಶನಿವಾರ ಪೌರನೀತಿ ಹೇಳಿಕೊಡುತ್ತಿದ್ದ ಟೀಚರನ್ನು.

“ದೊಡ್ಡೋರಾದ್ಮೇಲೆ ಕೇಳೋಣ ಅನ್ಕೋಬೇಡಿ, ಈಗ್ಲೇ ಕೇಳಿ,” ಅನ್ನುತ್ತಿದ್ದರು ಅವರು. “ಕುರ್ಚಿ ಮೇಲಿರೋರಿಗೆ ನಿಮ್ಮ ಮುಖ ಗೊತ್ತಿರ್ಬೇಕು.”

ಆ ವರ್ಷ ಬಸ್ ನಿಲ್ದಾಣದ ಪಕ್ಕದ ವಾಚನಾಲಯ ಮುಚ್ಚಿ ಅಂಗಡಿ ಸಾಲು ಕಟ್ಟುವ ಮಾತೆದ್ದಿತು. ಮನೆಯಲ್ಲಿ ಓದಲು ಒಂದು ಮೂಲೆಯೂ ಇಲ್ಲದ ಮಕ್ಕಳು ಸಂಜೆ ಕೂರುತ್ತಿದ್ದದ್ದು ಅಲ್ಲೇ. ತರಗತಿಯ ಹತ್ತೊಂಬತ್ತು ಜನ ಮೂರು ವಾರ ಮನೆಮನೆ ಅಲೆದು ಜನ ಏನನ್ನುತ್ತಾರೆಂದು ಬರೆದುಕೊಂಡರು. ವಾಚನಾಲಯ ಇರಲಿ ಅಂದವರೇ ಹೆಚ್ಚು. ವಕೀಲಮ್ಮ ವರದಿ ಬರೆದಳು. ಪುರಸಭೆಯ ಅಧ್ಯಕ್ಷರಿಗೆ ತಾವೇ ತಲುಪಿಸುವುದಾಗಿ ಟೀಚರ್ ತೆಗೆದುಕೊಂಡು ಹೋದರು.

ಸಭೆಯ ದಿನ ಅಪ್ಪ ಪಾಳಿ ಬದಲಾಯಿಸಿಕೊಂಡು ಮಗಳ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತ.

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. “ಅಂಗಡಿ ಯೋಜನೆಗೆ ನಮ್ಮ ಯುವಜನರ ಪೂರ್ಣ ಒಪ್ಪಿಗೆ ಇದೆ. ಹತ್ತೊಂಬತ್ತು ಸಹಿ, ನೋಡಿ.”

ಎತ್ತಿ ಹಿಡಿದ ಹಾಳೆಯ ಅಂಚಿನಲ್ಲಿ ಚಹಾ ಲೋಟದ ಕಂದು ಉಂಗುರ. ಹಿಂದಿನ ಶನಿವಾರ ಆ ಲೋಟ ಇಟ್ಟು ಬೈಸಿಕೊಂಡವಳು ಅವಳೇ. ಅದು ತರಗತಿಯ ಹಾಜರಿ ಹಾಳೆ! ‘ಹಾಜರಿ’ ಎಂದಿದ್ದ ಮೇಲಿನ ಸಾಲನ್ನು ಕತ್ತರಿಸಿ ತೆಗೆದಿದ್ದರು.

ಅವಳು ಎದ್ದು ನಿಂತಳು. “ಸಾರ್, ಅದು ಒಪ್ಪಿಗೆ ಅಲ್ಲ, ಹಾಜರಿ! ಟೀಚರನ್ನೇ ಕೇಳಿ.”

ಮುಂದಿನ ಸಾಲಿನಲ್ಲಿದ್ದ ಟೀಚರ್ ತಲೆ ಎತ್ತಲಿಲ್ಲ.

“ನೋಡೋಕೆ ಬಂದೋರು ಮಾತಾಡೋ ಹಾಗಿಲ್ಲ, ಕೂತ್ಕೋಮ್ಮ,” ಅಂದರು ಅಧ್ಯಕ್ಷರು. ಸದಸ್ಯರು ಕೈ ಎತ್ತಿದರು. ಎರಡು ನಿಮಿಷದಲ್ಲಿ ಎಲ್ಲ ಮುಗಿದೇಹೋಯಿತು.

ಮೆಟ್ಟಿಲ ಮೇಲೆ ಅವಳು ಟೀಚರಿಗೆ ಅಡ್ಡ ನಿಂತಳು. “ನೀವೇ ಕೊಟ್ರಾ?”

“ಕೊಡ್ದಿದ್ರೆ ಕ್ಲಾಸೇ ನಿಲ್ಲಿಸ್ತಿದ್ರು ಕಣಮ್ಮ. ನಿಮಗೋಸ್ಕರಾನೇ...”

“ನಮ್ಮ ವರದಿ?”

ಟೀಚರ್ ಕೈಚೀಲವನ್ನು ಎದೆಗೆ ಒತ್ತಿಕೊಂಡರು. ಅದರ ತೆರೆದ ಬಾಯಿಂದ ವರದಿ ಇಣುಕುತ್ತಿತ್ತು, ಕೊಟ್ಟಾಗ ಹಾಕಿದ್ದ ಪಿನ್ನೂ ಬಿಚ್ಚಿರಲಿಲ್ಲ. ಅವಳಿಗೆ ಅಧ್ಯಕ್ಷರ ಮೇಲೆ ಬಾರದಷ್ಟು ಸಿಟ್ಟು ಈ ಹೆಂಗಸಿನ ಮೇಲೆ ಬಂತು. ಅಧ್ಯಕ್ಷರನ್ನು ಅವಳು ನಂಬಿಯೇ ಇರಲಿಲ್ಲವಲ್ಲ.

ಅಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟ.

ಮರುದಿನವೇ ಜಿಲ್ಲಾಧಿಕಾರಿಗೆ ದೂರು ಬರೆದಳು. ಹತ್ತೊಂಬತ್ತರಲ್ಲಿ ಏಳು ಜನ ಸಹಿ ಹಾಕಿದರು. ಉಳಿದವರು, “ಮತ್ತೆ ಸಹಿನಾ? ಬೇಡಪ್ಪ,” ಎಂದು ಜಾರಿಕೊಂಡರು. ನಾಲ್ಕು ತಿಂಗಳ ಮೇಲೆ ಪುರಸಭೆಯ ನಡಾವಳಿ ಪುಸ್ತಕದಲ್ಲಿ ಒಂದು ತಿದ್ದುಪಡಿ ಸೇರಿತು: ಆ ಸಹಿಗಳು ಹಾಜರಿಯವು. ಅಷ್ಟರಲ್ಲಿ ವಾಚನಾಲಯದ ಗೋಡೆ ಉರುಳಿತ್ತು.

ಅವಳಿಗೆ ಹದಿನೆಂಟು ತುಂಬಿದ ವಾರ ಟೀಚರ್ ಮತದಾರರ ಪಟ್ಟಿಯ ಅರ್ಜಿ ಹಿಡಿದು ಮನೆಗೆ ಬಂದರು. “ನಾನೇ ತುಂಬಿಸ್ಕೊಡ್ತೀನಮ್ಮ.”

“ಬೇಡ ಟೀಚರ್,” ಅಂದಳು ಅವಳು ಬಾಗಿಲಲ್ಲೇ ನಿಂತು. “ನಿನ್ನೆ ನಾನೇ ಹೋಗಿ ಕೊಟ್ಟು ಬಂದೆ.”

ಒಳಗೆ ಬನ್ನಿ ಅನ್ನಲಿಲ್ಲ.